ಅಯ್ಯೋ ಎನ್ನುವ ಜಾಗ

ಎಷ್ಟು ಭಾಷೆ ಕಲಿತರೂ ಮನುಷ್ಯನ ಬಾಯಲ್ಲಿ ಕಲಿತ ಭಾಷೆ ತಲುಪದ ಜಾಗವೊಂದು ಉಳಿದಿರುತ್ತದೆ. ಬೆಳಿಗ್ಗೆ ಹಾಲು ಉಕ್ಕಿ ಒಲೆಗೆ ಸುರಿದಾಗ, ಹೊಸ್ತಿಲಿಗೆ ಕಿರುಬೆರಳು ತಗುಲಿದಾಗ, ಹೊತ್ತಲ್ಲದ ಹೊತ್ತಿನಲ್ಲಿ ಫೋನು ಬಂದು ‘ಹೋಗಿಬಿಟ್ರಂತೆ’ ಎಂಬ ಸುದ್ದಿ ಕಿವಿಗೆ ಬಿದ್ದಾಗ ಮಾತಾಡುವುದು ಆ ಜಾಗ. ನಮ್ಮಲ್ಲಿ ಅಲ್ಲಿ ‘ಅಯ್ಯೋ’ ಕೂತಿದೆ. ವ್ಯಾಕರಣದವರು ಅದಕ್ಕೆ ಭಾವಸೂಚಕ ಅವ್ಯಯ ಎಂದು ಹೆಸರಿಟ್ಟು ಪುಸ್ತಕದ ಕೊನೆಯ ಪುಟಗಳಿಗೆ ಕಳಿಸಿದ್ದಾರೆ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು 2016ರಲ್ಲಿ ಅದನ್ನು ಒಳಗೆ ಬಿಟ್ಟುಕೊಂಡಾಗ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ನಮ್ಮ ಅಜ್ಜಿಯರಿಗೆ ಆ ಅಪ್ಪಣೆ ಬೇಕಾಗಿರಲಿಲ್ಲ.

ದಕ್ಷಿಣ ಆಫ್ರಿಕದವರ ಬಾಯಲ್ಲಿ ಆ ಜಾಗದಲ್ಲಿರುವುದು ‘ಏಶ್’. ಜೊಹಾನ್ಸ್‌ಬರ್ಗಿನ ಒಂದು ಬೆಳಗನ್ನು ಕಣ್ಣ ಮುಂದೆ ತಂದುಕೊಳ್ಳಿ. ಕರೆಂಟು ಹೋಗಿದೆ. 2007ರ ಕೊನೆಯ ಹೊತ್ತಿಗೆ ಅಲ್ಲಿ ಶುರುವಾದ ಸರದಿ ವಿದ್ಯುತ್ ಕಡಿತ 2022, 2023ರ ವೇಳೆಗೆ ದಿನಕ್ಕೆ ಹಲವು ಗಂಟೆಗಳಷ್ಟು ಬೆಳೆದಿತ್ತು. ಚೌಕದ ಸಿಗ್ನಲ್ ದೀಪ ಆರಿದೆ; ಅಲ್ಲಿಯವರು ಸಿಗ್ನಲ್ಲನ್ನು ‘ರೋಬಾಟ್’ ಎನ್ನುತ್ತಾರೆ. ನಾಲ್ಕೂ ಕಡೆಯ ಗಾಡಿಗಳು ಒಂದಕ್ಕೊಂದು ದಾರಿ ಬಿಟ್ಟುಕೊಡುತ್ತಾ ನಿಧಾನಕ್ಕೆ ದಾಟುತ್ತಿವೆ. ಜನ ತುಂಬಿದ ಮಿನಿಬಸ್ ಟ್ಯಾಕ್ಸಿಯ ಚಾಲಕ, ಪಕ್ಕದ ಕಾರಿನಲ್ಲಿರುವ ಬಿಳಿಯ ಬ್ಯಾಂಕ್ ಅಧಿಕಾರಿ, ಅಂಗಡಿ ತೆರೆಯಲು ಹೊರಟ ಗುಜರಾತಿ ಮೂಲದ ವ್ಯಾಪಾರಿ ತಂತಮ್ಮ ಗಾಜಿನ ಹಿಂದೆ ಕೂತು ಹೇಳುವ ಮಾತು ಒಂದೇ. ಬೇಸರಕ್ಕೂ ಏಶ್, ಬೆರಗಿಗೂ ಏಶ್, ಏನೂ ಮಾಡಲಾಗದ್ದಕ್ಕೂ ಏಶ್. ಅದು ಬಂದದ್ದು ಜುಲು, ಖೋಸಾ ಆಡುವ ಕಪ್ಪು ಜನರ ಬಾಯಿಂದ.

ಆ ದೇಶದಲ್ಲಿ ಹೀಗಾದದ್ದು ಸಣ್ಣ ಸಂಗತಿಯಲ್ಲ. 1948ರಿಂದ ನಾಲ್ಕು ದಶಕಕ್ಕೂ ಮಿಕ್ಕಿ ಅಲ್ಲಿಯ ಸರ್ಕಾರ ತನ್ನ ಬುದ್ಧಿಯನ್ನೆಲ್ಲ ಖರ್ಚು ಮಾಡಿದ್ದು ಜನ ಒಬ್ಬರಿಗೊಬ್ಬರು ಹತ್ತಿರವಾಗದಂತೆ ನೋಡಿಕೊಳ್ಳುವುದಕ್ಕೆ. ಬಿಳಿಯರು ಬೇರೆಯವರನ್ನು ಮದುವೆಯಾಗಬಾರದೆಂದು 1949ರಲ್ಲಿ ಕಾನೂನು ಬಂತು. ಯಾವ ಬಣ್ಣದವರು ಊರಿನ ಯಾವ ಭಾಗದಲ್ಲಿ ಮನೆ ಮಾಡಬೇಕೆಂದು 1950ರ ಕಾನೂನು ಗೆರೆ ಎಳೆಯಿತು. ಬಸ್ಸು, ಬೆಂಚು, ಕಡಲತೀರ, ಎಲ್ಲಕ್ಕೂ ಫಲಕ ಬಿತ್ತು. ಬಾಯಿಗೆ ಫಲಕ ಹಾಕುವುದು ಮಾತ್ರ ಯಾವ ಅಧಿಕಾರಿಗೂ ಸಾಧ್ಯವಾಗಲಿಲ್ಲ.

ಒಬ್ಬರ ಭಾಷೆಯಿಂದ ಇನ್ನೊಬ್ಬರು ಮೊದಲು ಎತ್ತಿಕೊಳ್ಳುವುದು ಸಾಮಾನಿನ ಹೆಸರು. ಮೇಜಿಗೆ ಜುಲುವಿನಲ್ಲಿ ‘ಇಟಾಫುಲಾ’ ಎನ್ನುತ್ತಾರೆ. ಅದು ಡಚ್ಚಿನಿಂದ ಹುಟ್ಟಿದ ಆಫ್ರಿಕಾನ್ಸ್ ಭಾಷೆಯ ‘ಟಾಫೆಲ್’. ಷರಾಯಿಗೆ ‘ಇಬುಲುಕ್ವೆ’, ಅದು ‘ಬ್ರುಕ್’. ಬಿಳಿಯರು ಮೇಜು ತಂದರು, ಷರಾಯಿ ತಂದರು, ಹೆಸರೂ ಜೊತೆಗೇ ಬಂತು. ಅಷ್ಟಕ್ಕೆ ಸಂತೆಯಲ್ಲಿ ಒಂದು ಹೊತ್ತು ನಿಂತರೆ ಸಾಕು. ಅಯ್ಯೋ ಎನ್ನುವ ಮಾತು ಸಂತೆಯಲ್ಲಿ ಸಿಗುವುದಿಲ್ಲ. ಅದನ್ನು ಕಲಿಯಬೇಕಾದರೆ ಇನ್ನೊಬ್ಬರು ಅಯ್ಯೋ ಎನ್ನುವಾಗ ನಾವು ಪಕ್ಕದಲ್ಲಿರಬೇಕು. ಅದೂ ಒಂದು ದಿನವಲ್ಲ, ಕಿವಿ ಅದನ್ನು ತನ್ನದೆಂದು ತಿಳಿಯುವಷ್ಟು ದಿನ. ಹಾಗಾದರೆ ಗೆರೆಯ ಈಚೆಯವರೂ ಆಚೆಯವರೂ ಎಲ್ಲೋ ಪಕ್ಕಪಕ್ಕದಲ್ಲಿದ್ದರು. ಎಲ್ಲಿ?

ಅಡುಗೆಮನೆಯಲ್ಲಿ. ಗಣಿಯ ಸುರಂಗದಲ್ಲಿ. ಹೊಲದಲ್ಲಿ. ಎಳೆಯ ಬಿಳಿಯ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ನೆಲ ಒರೆಸುತ್ತಿದ್ದ ಕಪ್ಪು ಹೆಂಗಸಿನ ಬೆನ್ನ ಮೇಲೆ.

ಈ ಕಥೆಯ ಬೇರು ಇನ್ನೂ ಹಳೆಯದು. 1652ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಯಾನ್ ವಾನ್ ರೀಬೆಕ್ ಕೇಪ್ ಬಂದರಿನಲ್ಲಿ ಇಳಿದ. ಬೇಗನೆ ಗುಲಾಮರು ಬಂದರು: ಮಡಗಾಸ್ಕರಿನಿಂದ, ಇಂಡೊನೇಷ್ಯದ ದ್ವೀಪಗಳಿಂದ, ಬಂಗಾಳ, ಕೋರಮಂಡಲ, ಮಲಬಾರ್ ತೀರಗಳಿಂದ. ಕಂಪನಿಯ ಕಡತಗಳಲ್ಲಿ ಅವರ ಹೆಸರಿನ ಮುಂದೆ ‘ವಾನ್ ಮಲಬಾರ್’, ‘ವಾನ್ ಬೆಂಗಾಲ’ ಎಂದು ಹುಟ್ಟಿದ ಸೀಮೆ ಸೇರಿರುತ್ತದೆ. ಈ ಜನ, ಅಲ್ಲಿಯದೇ ಆದ ಖೋಯಿ ಜನ, ಡಚ್ ಯಜಮಾನರು ಒಂದೇ ಸೂರಿನ ಕೆಳಗೆ ಆಡಿ ಸವೆಸಿದ ಡಚ್ಚೇ ಮುಂದೆ ಆಫ್ರಿಕಾನ್ಸ್ ಆಯಿತು. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಗಂಟಲು ಹರಿಯುವಂತೆ ‘ಎಬಿಡಿ’ ಎಂದು ಕೂಗಿದವರಿದ್ದಾರಲ್ಲ, ಆ ಡಿ ವಿಲಿಯರ್ಸ್ ಅವರ ಮನೆಮಾತು ಇದು. ಅದರಲ್ಲಿ ‘ಬಹಳ’ ಎನ್ನುವುದಕ್ಕಿರುವ ‘ಬಾಯ’ ಮಲಯ ಭಾಷೆಯ ‘ಬಾನ್ಯಾಕ್’ನಿಂದ ಬಂದದ್ದು. ಕಪ್ಪಿನ ಕೆಳಗಿನ ಬಸಿ ‘ಪೀರಿಂಗ್’, ಅದೂ ಮಲಯದ್ದೇ. ಬಸಿ ತೊಳೆದವರು ಯಾರು ಎಂಬುದನ್ನು ಬಸಿಯ ಹೆಸರೇ ಹೇಳುತ್ತದೆ.

ಮುಂದೆ ಆಫ್ರಿಕಾನ್ಸನ್ನು ಬಿಳಿಯರ ಶುದ್ಧ ಭಾಷೆ ಎಂದು ಮೆರೆಸಿದವರಿಗೆ ಕಸಿವಿಸಿಯಾಗುವಂಥ ಇನ್ನೊಂದು ಸಂಗತಿ ಇದೆ. ಆಫ್ರಿಕಾನ್ಸಿನ ಆರಂಭದ ಪುಸ್ತಕಗಳಲ್ಲಿ ಕೆಲವು ಅರಬ್ಬಿ ಲಿಪಿಯಲ್ಲಿವೆ. ಕೇಪಿನ ಮುಸ್ಲಿಮರಿಗೆ ಧರ್ಮದ ನಡೆನುಡಿ ತಿಳಿಸಲು ಅಬೂಬಕರ್ ಎಫೆಂದಿ ಎಂಬ ತುರ್ಕಿಯ ವಿದ್ವಾಂಸರು ಬರೆದದ್ದು 1877ರಲ್ಲಿ ಇಸ್ತಾಂಬುಲ್‌ನಲ್ಲಿ ಅಚ್ಚಾಯಿತು. ಇವತ್ತಿಗೂ ಆಫ್ರಿಕಾನ್ಸನ್ನು ಮನೆಮಾತಾಗಿ ಆಡುವವರಲ್ಲಿ ಬಿಳಿಯರಲ್ಲದವರೇ ಹೆಚ್ಚು.

ಇಂಗ್ಲಿಷರು ಬಂದು ನೆಲೆಸಿದ್ದು ಆಮೇಲೆ. 1820ರಲ್ಲಿ ಸುಮಾರು 4,000 ಮಂದಿ ಪೂರ್ವ ಕೇಪಿನಲ್ಲಿ ಇಳಿದರು. ಅವರ ಇಂಗ್ಲಿಷಿಗೆ ಒಂದು ಪಕ್ಕದಲ್ಲಿ ಆಫ್ರಿಕಾನ್ಸ್, ಇನ್ನೊಂದು ಪಕ್ಕದಲ್ಲಿ ಖೋಸಾ, ಜುಲು. ಲಂಡನ್ನಿನ ಇಂಗ್ಲಿಷಿಗೂ ಅದಕ್ಕೂ ನಂಟು ಉಳಿಯಿತು, ಆದರೆ ನಿಟ್ಟುಸಿರು ಬದಲಾಯಿತು. ಸಾಕಾಗಿದೆ ಎನ್ನಲು ಆಫ್ರಿಕಾನ್ಸಿನ ‘ಆಖ್’, ಇದೇನಪ್ಪಾ ಎನ್ನಲು ಜುಲುವಿನ ‘ಹಾಯ್ಬೋ’, ರುಚಿಗೂ ಸೊಗಸಿಗೂ ‘ಲೆಕರ್’. ಹಿಂದಿನ ರಾತ್ರಿ ಹೆಚ್ಚು ಕುಡಿದವನ ಮುಂಜಾನೆಯ ತಲೆಭಾರಕ್ಕೆ ‘ಬಾಬಲಾಸ್’. ಅದು ಜುಲುವಿನಿಂದ ಆಫ್ರಿಕಾನ್ಸಿಗೆ ಹೋಗಿ ಅಲ್ಲಿಂದ ಇಂಗ್ಲಿಷಿಗೆ ಇಳಿದ ಮಾತು. ಆ ತಲೆನೋವಿನಲ್ಲಿ ಸರ್ಕಾರಕ್ಕೂ ಗೆರೆ ಎಳೆಯಲಾಗಲಿಲ್ಲ ಅನ್ನಿ.

ನನಗೆ ತುಂಬ ಹಿಡಿಸಿದ್ದು ಅಲ್ಲಿಯವರ ‘ಶೇಮ್’. ಇಂಗ್ಲಿಷಿನಲ್ಲಿ ಅದು ನಾಚಿಕೆಗೇಡು. ದಕ್ಷಿಣ ಆಫ್ರಿಕದಲ್ಲಿ ತೊಟ್ಟಿಲಲ್ಲಿರುವ ಕೂಸನ್ನು ನೋಡಿ ‘ಆಖ್ ಶೇಮ್’ ಎನ್ನುತ್ತಾರೆ. ಗಂಡ ತೀರಿಕೊಂಡ ನೆರೆಮನೆಯಾಕೆಯ ಸುದ್ದಿಗೂ ಅದೇ, ಮಳೆಯಲ್ಲಿ ನೆನೆದು ನಡುಗುವ ನಾಯಿಮರಿಗೂ ಅದೇ. ಹೊರಗಿನಿಂದ ಬಂದ ಇಂಗ್ಲಿಷಿನವರು ಕಕ್ಕಾಬಿಕ್ಕಿಯಾಗುತ್ತಾರಂತೆ. ಕನ್ನಡದವರಿಗೆ ಮಾತ್ರ ಕಕ್ಕಾಬಿಕ್ಕಿಯಾಗುವಂಥದ್ದೇನೂ ಅದರಲ್ಲಿಲ್ಲ. ಶಾಸ್ತ್ರದಲ್ಲಿ ನರಕಕ್ಕೆ ಒಯ್ಯುವ ಪಾಪವನ್ನು ನಾವು ಕೂಸಿನ ಕೆನ್ನೆ ಸವರುತ್ತಾ, ಬಡವನಿಗೆ ಅನ್ನ ಇಡುತ್ತಾ ‘ಪಾಪ’ ಎಂದು ದಿನಕ್ಕೆಷ್ಟು ಬಾರಿ ಹೇಳುವುದಿಲ್ಲ! ಕೂಸಿನ ಹೆಸರೇ ಪಾಪು. ದೊಡ್ಡ ಮಾತುಗಳು ಮನೆಯೊಳಗೆ ಬಂದು ಚಪ್ಪಲಿ ಬಿಟ್ಟು ಕೂತ ಮೇಲೆ ಅವುಗಳ ಸ್ವಭಾವವೇ ಬದಲಾಗಿಬಿಡುತ್ತದೆ.

ಇನ್ನೊಂದು ಮಾತಿನ ಮುಂದೆ ನಾನು ಹೆಚ್ಚು ಹೊತ್ತು ನಿಂತಿದ್ದೇನೆ. ಆಫ್ರಿಕಾನ್ಸಿನಲ್ಲಿ ಅಣ್ಣತಮ್ಮಂದಿರನ್ನು ಅಕ್ಕರೆಯಿಂದ ಕರೆಯುವುದು ‘ಬುಟಿ’ ಎಂದು. ಅದು ಜುಲು, ಖೋಸಾ ಮನೆಗಳೊಳಗೆ ಹೋಗಿ ಅಲ್ಲಿಯೂ ‘ಬುಟಿ’ ಎಂದೇ ನೆಲೆಸಿತು; ಕಪ್ಪು ತಾಯಂದಿರು ಹಿರಿಮಗನನ್ನು ತೋರಿಸಿ ಕಿರಿಯರಿಗೆ ಹೇಳಿಕೊಡುವ ಸಂಬೋಧನೆ ಅದು. ಇಂಗ್ಲಿಷ್ ಹುಡುಗರು ಅದೇ ಆಫ್ರಿಕಾನ್ಸಿನಿಂದ ‘ಬ್ರೂ’ ಎಂಬ ಇನ್ನೊಂದು ‘ಸೋದರ’ವನ್ನು ಎತ್ತಿಕೊಂಡು ಗೆಳೆಯರನ್ನು ಕರೆದರು. ಯಾರು ಯಾರಿಗೆ ಬಂಧುವಾಗಬಾರದು ಎಂದು ಸಂಸತ್ತು ಕೂತು ಕಾನೂನು ಬರೆಯುತ್ತಿದ್ದ ವರ್ಷಗಳಲ್ಲಿ ಮೂರು ಜನಾಂಗದ ಮಕ್ಕಳು ಒಂದೇ ಭಾಷೆಯಿಂದ ಅಣ್ಣನನ್ನು ಕರೆಯುತ್ತಿದ್ದರು. ಅವರಿಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದರೆ ಕರೆಯುತ್ತಿರಲಿಲ್ಲವೇನೋ.

ಇಷ್ಟಕ್ಕೇ ನಿಲ್ಲಿಸಿದರೆ ಇದೊಂದು ಸಿಹಿಕಥೆಯಾಗುತ್ತದೆ, ಸುಳ್ಳೂ ಆಗುತ್ತದೆ. ಪಕ್ಕದಲ್ಲಿರುವುದು ಬೇರೆ, ಸರಿಸಮನಾಗಿ ಕೂರುವುದು ಬೇರೆ. ಚಿನ್ನದ ಗಣಿಗಳಲ್ಲಿ ಮೊಜಾಂಬಿಕ್, ಲೆಸೊಥೊ, ಮಲಾವಿಗಳಿಂದ ಬಂದ ಕೂಲಿಗಳಿಗೂ ಬಿಳಿಯ ಮೇಸ್ತ್ರಿಗಳಿಗೂ ನಡುವೆ ‘ಫನಗಲೊ’ ಎಂಬ ಮಿಶ್ರಭಾಷೆ ಬಳಕೆಯಲ್ಲಿತ್ತು. ಪದಗಳಲ್ಲಿ ಹೆಚ್ಚಿನವು ಜುಲುವಿನವು. ಆದರೆ ಜುಲು ಹಿರಿಯರು ಅದನ್ನು ಕೇಳಿದರೆ ಮುಖ ತಿರುಗಿಸುತ್ತಾರೆ. ‘ಹೀಗೆ ಮಾಡು’ ಎಂಬುದರಿಂದಲೇ ಅದರ ಹೆಸರು ಹುಟ್ಟಿದೆ. ಎತ್ತು, ಇಳಿಸು, ತಳ್ಳು, ಬಾ, ಹೋಗು ಎನ್ನಲು ಅಣಿಮಾಡಿಕೊಂಡ ಭಾಷೆಯಲ್ಲಿ ‘ನಿನ್ನ ಮಗಳ ಜ್ವರ ಇಳಿಯಿತೇ’ ಎಂದು ಕೇಳುವ ಸಂದರ್ಭ ಎಷ್ಟು ಸಲ ಬಂದೀತು? ‘ಫುಟ್‌ಸೆಕ್’ ಎಂಬ ಇನ್ನೊಂದು ಮಾತು ನಾಯಿಯನ್ನು ಓಡಿಸಲು ಹುಟ್ಟಿದ್ದು. ನಾಯಿಯ ಮೇಲೆ ಮಾತ್ರ ಅದು ನಿಲ್ಲಲಿಲ್ಲ.

ನಮ್ಮ ಕಡೆಯ ಮಾತೂ ಅಲ್ಲಿ ಕೆಟ್ಟುಹೋಗಿದೆ. 1860ರ ನವೆಂಬರ್ 16ರಂದು ‘ಟ್ರೂರೊ’ ಹಡಗು ಮದರಾಸಿನಿಂದ ಹೊತ್ತುತಂದವರನ್ನು ಡರ್ಬನ್ನಿನಲ್ಲಿ ಇಳಿಸಿತು. ಮುಂದಿನ ಐವತ್ತು ವರ್ಷಗಳಲ್ಲಿ ಸುಮಾರು 1,52,000 ಮಂದಿ ಕರಾರಿನ ಮೇಲೆ ನಟಾಲಿನ ಕಬ್ಬಿನ ಗದ್ದೆಗಳಿಗೂ ಉಳಿದ ದುಡಿಮೆಗೂ ಹೋದರು. ನಮ್ಮಲ್ಲಿ ಕೂಲಿ ಎಂದರೆ ಬೆವರಿಗೆ ಸಿಗುವ ಸಂಬಳ, ಅದರಲ್ಲಿ ಅವಮಾನವಿಲ್ಲ. ಅಲ್ಲಿ ಅದು ಬೈಗುಳವಾಯಿತು. 1893ರಲ್ಲಿ ಕೋಟು ತೊಟ್ಟು ಬಂದಿಳಿದ ಮೋಹನದಾಸ ಗಾಂಧಿಯವರನ್ನೂ ‘ಕೂಲಿ ಬ್ಯಾರಿಸ್ಟರ್’ ಎಂದೇ ಕರೆದರು. ಕಪ್ಪು ಜನರನ್ನು ಹೀಯಾಳಿಸುವ ಮತ್ತೊಂದು ಮಾತಿದೆ, ಅದನ್ನು ನಾನಿಲ್ಲಿ ಬರೆಯುವುದಿಲ್ಲ. 2018ರಲ್ಲಿ ಆ ಮಾತನ್ನು ಪೊಲೀಸರ ಮೇಲೆ ಮತ್ತೆ ಮತ್ತೆ ಎಸೆದ ಮಹಿಳೆಯೊಬ್ಬರಿಗೆ ಅಲ್ಲಿಯ ನ್ಯಾಯಾಲಯ ಜೈಲು ಶಿಕ್ಷೆ ವಿಧಿಸಿತು. ಆಡಿದ ಮಾತಿಗೆ ಜೈಲು ಅತಿಯಾಯಿತೆಂದು ಕೆಲವರಿಗೆ ಅನ್ನಿಸಬಹುದು. ನನಗೆ ಅನ್ನಿಸುವುದಿಲ್ಲ.

ಬೈಗುಳವಾದ ಮಾತಿನ ಕಥೆ ಇದಾದರೆ, ಹೇರಿದ ಭಾಷೆಯ ಕಥೆ ಇನ್ನೊಂದು. 1975ರ ಅಕ್ಟೋಬರಿನಲ್ಲಿ ಪಾರ್ಲ್ ಊರಿನ ಗುಡ್ಡದ ಮೇಲೆ ಆಫ್ರಿಕಾನ್ಸ್ ಭಾಷೆಗೆ ದೊಡ್ಡ ಸ್ಮಾರಕ ಉದ್ಘಾಟನೆಯಾಯಿತು. ವರ್ಷ ತುಂಬುವ ಮುಂಚೆ, 1976ರ ಜೂನ್ 16ರ ಬೆಳಿಗ್ಗೆ, ಜೊಹಾನ್ಸ್‌ಬರ್ಗಿನ ಕಪ್ಪು ಬಡಾವಣೆ ಸೊವೆಟೊದ ಶಾಲಾಮಕ್ಕಳು ಸಮವಸ್ತ್ರದಲ್ಲೇ ಬೀದಿಗೆ ಬಂದರು. ಗಣಿತ, ಸಮಾಜ ಪಾಠಗಳನ್ನು ಆಫ್ರಿಕಾನ್ಸಿನಲ್ಲೇ ಕಲಿಯಬೇಕೆಂಬ ಆಜ್ಞೆಯ ವಿರುದ್ಧ ಅವರ ಮೆರವಣಿಗೆ. ಪೊಲೀಸರು ಗುಂಡು ಹಾರಿಸಿದರು. 12 ವರ್ಷದ ಹೆಕ್ಟರ್ ಪೀಟರ್ಸನ್‌ನನ್ನು ಇನ್ನೊಬ್ಬ ಹುಡುಗ ತೋಳಲ್ಲಿ ಹೊತ್ತು ಓಡುವ, ಪಕ್ಕದಲ್ಲಿ ಅಕ್ಕ ಕೈ ಚಾಚಿ ಓಡುವ ಸ್ಯಾಮ್ ನ್ಜಿಮಾ ತೆಗೆದ ಚಿತ್ರವನ್ನು ಜಗತ್ತು ನೋಡಿತು.

ಆದರೆ ಆ ಮಕ್ಕಳ ಬೀದಿಮಾತು ಯಾವುದು? ಕಪ್ಪು ಬಡಾವಣೆಗಳ ತರುಣರು ಆಡುತ್ತಿದ್ದ ‘ತ್ಸೋಟ್ಸಿತಾಲ್’, ಅಂದರೆ ಪೋಕರಿ ಭಾಷೆ, ಕಟ್ಟಿಕೊಂಡದ್ದೇ ಆಫ್ರಿಕಾನ್ಸಿನ ಮೇಲೆ. ಜಾಝ್ ಸಂಗೀತಕ್ಕೆ ಹೆಸರಾಗಿದ್ದ ಸೋಫಿಯಾಟೌನ್ ಬಡಾವಣೆಯಲ್ಲಿ ಅದು ಮೀಸೆ ಚಿಗುರಿಸಿತು. 1955ರಿಂದ ಸರ್ಕಾರ ಆ ಬಡಾವಣೆಯ ಜನರನ್ನು ಲಾರಿಗಳಲ್ಲಿ ತುಂಬಿ ಸೊವೆಟೊ ಕಡೆಗೆ ಸಾಗಿಸಿ, ಮನೆಗಳನ್ನು ಕೆಡವಿ, ಆ ಜಾಗಕ್ಕೆ ‘ಟ್ರಿಯೊಂಫ್’ ಎಂದು, ಅಂದರೆ ವಿಜಯ ಎಂದು, ಹೆಸರಿಟ್ಟಿತು. ಲಾರಿಯಲ್ಲಿ ಆ ಪೋಕರಿ ಭಾಷೆಯೂ ಹೋಯಿತು. ಕಳ್ಳರ, ಸಂಗೀತಗಾರರ, ಪ್ರೇಮಿಗಳ ಬಾಯಲ್ಲಿ ಆಫ್ರಿಕಾನ್ಸ್ ತುಂಟ ಭಾಷೆಯಾಗಿತ್ತು. ಶಾಲೆಯ ಕಪ್ಪುಹಲಗೆಯ ಮೇಲೆ ಅದೇ ಆಫ್ರಿಕಾನ್ಸ್ ಬೂಟುಗಾಲಿನ ಭಾಷೆಯಾಯಿತು. ಮಕ್ಕಳು ತಿರುಗಿಬಿದ್ದದ್ದು ಪದಗಳ ಮೇಲಲ್ಲ. 1976ರ ಆಮೇಲೆ ತರುಣರ ಬೀದಿಮಾತು ಆಫ್ರಿಕಾನ್ಸಿನಿಂದ ದೂರ ಸರಿದು ಜುಲುವಿನ ಮೇಲೆ ನಿಂತಿತು. ಹೇರಿದ್ದರಿಂದ ಏನು ಬೆಳೆಯಿತು ಎಂದು ಹುಡುಕಿದರೆ ಇಷ್ಟೇ ಸಿಗುತ್ತದೆ: ತಾನಾಗಿ ಒಳಗೆ ಬಂದಿದ್ದ ಭಾಷೆಯನ್ನು ಸರ್ಕಾರ ತಾನೇ ಹೊರಗೆ ಕಳಿಸಿತು.

ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಸಿಗ್ನಲ್ ಆರಿದ ಚೌಕದಲ್ಲಿ ಏಶ್ ಎಂದ ಬಿಳಿಯ ಅಧಿಕಾರಿಗೆ ಜುಲುವಿನಲ್ಲಿ ಇನ್ನೆಷ್ಟು ಬರುತ್ತದೆ? ಸಾಮಾನ್ಯವಾಗಿ ಒಂದು ನಮಸ್ಕಾರ, ಒಂದು ಹೌದು, ಅಜ್ಜಿಯನ್ನು ಕರೆಯುವ ‘ಗೋಗೋ’, ಔಷಧಿಗೆ ‘ಮೂಟಿ’. 2022ರ ಜನಗಣತಿಯಂತೆ ಅಲ್ಲಿ ಜುಲು ಮನೆಮಾತಾಗಿರುವವರು ನೂರಕ್ಕೆ 24ಕ್ಕೂ ಹೆಚ್ಚು, ಇಂಗ್ಲಿಷ್ ಮನೆಮಾತಾಗಿರುವವರು 9ಕ್ಕಿಂತ ಕಡಿಮೆ. ಆದರೂ ಭಾಷೆ ಕಲಿಯುವ ಶ್ರಮ ಹೆಚ್ಚಾಗಿ ಕಪ್ಪು ಜನರದ್ದೇ. ಏಶ್ ಎನ್ನಲು ಏನೂ ಖರ್ಚಿಲ್ಲ.

ಖರ್ಚು ಮಾಡಿದವರೂ ಇದ್ದರು. ಇಂಗ್ಲೆಂಡಿನಲ್ಲಿ ಹುಟ್ಟಿ ಜೊಹಾನ್ಸ್‌ಬರ್ಗಿನಲ್ಲಿ ಬೆಳೆದ ಜಾನಿ ಕ್ಲೆಗ್ ಹದಿಹರೆಯದಲ್ಲಿ ಚಾರ್ಲಿ ಮ್ಜಿಲಾ ಎಂಬ ಜುಲು ಕಾರ್ಮಿಕರ ಗಿಟಾರ್ ಕೇಳಿ ಅವರ ಬೆನ್ನು ಹತ್ತಿದ. ನುಡಿಸುವುದು ಕಲಿತ, ಜುಲು ಕುಣಿತ ಕಲಿತ, ಭಾಷೆಯನ್ನು ಬುಡಮಟ್ಟ ಕಲಿತ. ಕಪ್ಪು ಕಾರ್ಮಿಕರ ವಸತಿಗಳಿಗೆ ಹೋದದ್ದಕ್ಕೆ ಪೊಲೀಸರು ಹಿಡಿದೊಯ್ದರು. ಮುಂದೆ ಸಿಫೊ ಮ್ಚುನು ಜೊತೆ ಕಟ್ಟಿದ ತಂಡಕ್ಕೆ ‘ಜುಲುಕಾ’ ಎಂದು ಹೆಸರು. ಆ ಮಾತಿಗೆ ಜುಲುವಿನಲ್ಲಿ ಬೆವರು ಎಂದರ್ಥ. ಬಿಳಿಯನೂ ಕಪ್ಪನೂ ಒಂದೇ ವೇದಿಕೆಯಲ್ಲಿ ನಿಲ್ಲುವುದು, ಒಂದೇ ಹಾಡಿನಲ್ಲಿ ಎರಡು ಭಾಷೆ ಬೆರೆಸುವುದು ಸರ್ಕಾರಕ್ಕೆ ಸಹಿಸಲಾಗದ ಸಂಗತಿಯಾಗಿತ್ತು. ಕ್ಲೆಗ್ 2019ರಲ್ಲಿ ತೀರಿಕೊಂಡರು. ನೆರೆಯವನ ಅಯ್ಯೋವನ್ನು ಎತ್ತಿಕೊಂಡವರು ಲಕ್ಷಾಂತರ, ಅದರ ಹಿಂದಿನ ಇಡೀ ವಾಕ್ಯವನ್ನು ಕೇಳಿಸಿಕೊಳ್ಳಲು ಕೂತವರು ಬೆರಳೆಣಿಕೆ. ಇದು ಆ ದೇಶಕ್ಕೆ ಮಾತ್ರ ಸೇರಿದ ಲೆಕ್ಕವಲ್ಲ ಎಂದು ನಮ್ಮ ಬೆಂಗಳೂರನ್ನು ನೋಡಿದವರಿಗೆ ಬೇರೆ ಹೇಳಬೇಕಿಲ್ಲ.

ಹಾಗೆಂದು ಆ ಪುಟ್ಟ ಮಾತನ್ನು ತಳ್ಳಿಹಾಕಲೂ ಮನಸ್ಸು ಬಾರದು. ಡರ್ಬನ್ನಿನ ಭಾರತೀಯ ಮನೆಗಳಲ್ಲಿ ನಾಲ್ಕೈದು ತಲೆಮಾರು ಕಳೆದು ತಮಿಳು, ತೆಲುಗು ಹೆಚ್ಚುಕಡಿಮೆ ಮರೆತುಹೋಗಿವೆ. ಮಕ್ಕಳು ಆಡುವುದು ಇಂಗ್ಲಿಷ್. ಕೈ ಸುಟ್ಟರೆ ಮಾತ್ರ ಇವತ್ತಿಗೂ ‘ಅಯ್ಯೋ’ ಬರುತ್ತದೆ, ಅದರ ಬೆನ್ನಿಗೇ ಏಶ್ ಕೂಡ ಬಂದೀತು. ಹಡಗು ಹತ್ತಿದವರು ಬಿಟ್ಟುಹೋದ ಆಸ್ತಿಯಲ್ಲಿ ಗಟ್ಟಿಯಾಗಿ ಉಳಿದದ್ದು ಕಲಿಸದೆಯೇ ಕಲಿತ ಮಾತು.

ಈಗ ದಕ್ಷಿಣ ಆಫ್ರಿಕದ ಬಿಳಿಯರೂ ಹೊರಟಿದ್ದಾರೆ, ಲಂಡನ್ನಿಗೆ, ಆಸ್ಟ್ರೇಲಿಯದ ಪರ್ತ್‌ಗೆ. ಅವರು ಏನು ಕಟ್ಟಿಕೊಂಡು ಹೋಗುತ್ತಾರೆ ಎಂಬುದು ಅಲ್ಲಿ ಇಳಿದ ಮೇಲೆ ತಿಳಿಯುತ್ತದೆ. ಅವರ ‘ಜಸ್ಟ್ ನೌ’ ಬೇರೆ ಕಡೆಯ ‘ಜಸ್ಟ್ ನೌ’ ಅಲ್ಲ. ಆಫ್ರಿಕಾನ್ಸಿನ ‘ನೆಟ್‌ನೌ’ ಅದರೊಳಗೆ ಕೂತಿದೆ. ಅರ್ಥ ‘ಇನ್ನು ಸ್ವಲ್ಪ ಹೊತ್ತಿಗೆ, ಆದರೆ ಹೊತ್ತೆಷ್ಟು ಎಂದು ಕೇಳಬೇಡಿ’. ಅದಕ್ಕಿಂತ ಬೇಗ ಆಗಬೇಕಾದದ್ದು ‘ನೌ ನೌ’, ಅದೂ ಈಗಲೇ ಅಲ್ಲ. ಬಚ್ಚಲಿನಿಂದ ಹೊರಗೇ ಬರದೆ ‘ಬಂದೆ, ಬಂದೆ’ ಎಂದು ಭೂತಕಾಲದಲ್ಲಿ ಕೂಗುವ ನಮಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಪರ್ತ್‌ನ ಕಚೇರಿಯಲ್ಲಿ ಮಾತ್ರ ಹೊಸದಾಗಿ ಸೇರಿದ ದಕ್ಷಿಣ ಆಫ್ರಿಕದವರು ‘ಜಸ್ಟ್ ನೌ ಕಳಿಸ್ತೇನೆ’ ಎಂದದ್ದನ್ನು ನಂಬಿ, ಆಸ್ಟ್ರೇಲಿಯದ ಮೇಲಧಿಕಾರಿ ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದುಕೊಂಡು ಕಡತಕ್ಕಾಗಿ ಕಾಯುತ್ತಾ ಕೂರುತ್ತಾರೆ.